ಮಂಚದ ಕಾಲ್ದೆಸೆಯಿಂದ ತಲೆದೆಸೆಗೆ

ಕೋವಿಡ್ ಅಡಗಿದ ಮೇಲಿನ ಎರಡನೆಯ ವರ್ಷ. ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿ, ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾಗಿ, ಚಿತ್ತಾಪುರದ ಮನೆಯಲ್ಲಿ ಕುಳಿತಿದ್ದೆ. ಕುಳಿತಿದ್ದೆ ಎನ್ನುವುದು ಮಾತಿಗೆ. ಬೆಳಗಿನ ಐದಕ್ಕೆ ಎದ್ದು, ಹಾಸಿಗೆಯ ಚಾದರದ ಮೂಲೆಗಳನ್ನು ಮಡಿಸಿ ಬಿಗಿದು, ಸ್ನಾನ ಮುಗಿಸಿ, ಮುಂದೆ ಮಾಡಲು ಏನೂ ಇಲ್ಲದೆ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಶಿಫ್ಟಿನ ಗಂಟೆಗೆ ಓಡಿದ ಕಾಲು ನಿವೃತ್ತಿ ಆದೇಶವನ್ನು ಓದುವುದಿಲ್ಲ.

ಆಗ ಸೇಡಂ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯವರು ಹೇಳಿ ಕಳಿಸಿದರು. ಆಸ್ಪತ್ರೆಗೆ ಹೊಂದಿಕೊಂಡು ಅವರದೇ ನರ್ಸಿಂಗ್ ಶಾಲೆಯಿತ್ತು. ಅದರ ಹೆಸರು ಇಲ್ಲಿ ಬೇಡ. ನನಗೆ ಕೊಟ್ಟ ಹುದ್ದೆ ಕ್ಲಿನಿಕಲ್ ಇನ್‌ಸ್ಟ್ರಕ್ಟರ್. ಪುಸ್ತಕದ ಪಾಠವನ್ನು ತರಗತಿಯಲ್ಲಿ ಬೇರೆಯವರು ಮಾಡುತ್ತಾರೆ. ವಾರ್ಡಿನಲ್ಲಿ, ರೋಗಿಯ ಪಕ್ಕದಲ್ಲಿ ನಿಲ್ಲಿಸಿ ಕೆಲಸ ಕಲಿಸುವುದು ಕ್ಲಿನಿಕಲ್ ಇನ್‌ಸ್ಟ್ರಕ್ಟರ್ ಪಾಲಿಗೆ. ಮೊದಲ ವರ್ಷದ ಹುಡುಗಿಯರನ್ನು ನನಗೆ ಒಪ್ಪಿಸಿದರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಲಿನವರು. ಬಹುಪಾಲು ಕನ್ನಡ ಮಾಧ್ಯಮ, ಕೆಲವರು ಉರ್ದು. ಸೂಜಿ ಹಿಡಿದರೆ ಕೈ ನಡುಗದ ಹುಡುಗಿಯರಿಗೆ ಇಂಗ್ಲಿಷ್ ಎಂದ ಕೂಡಲೇ ನಾಲಿಗೆ ಒಣಗುತ್ತಿತ್ತು.

ಪ್ರಿನ್ಸಿಪಾಲ್ ಮೇಡಂ ಮೈಸೂರು ಕಡೆಯವರು. ಅವರೂ ನರ್ಸಿಂಗ್‌ನಲ್ಲೇ ಬೆಳೆದವರು, ಕೆಲಸ ಬಲ್ಲವರು. ಅವರು ಪ್ರತಿ ವಾರ್ಡಿನ ಬಾಗಿಲಿಗೆ ಒಂದು ಬೋರ್ಡು ಹಾಕಿಸಿದ್ದರು: ‘ಇಂಗ್ಲಿಷ್ ಓನ್ಲಿ’. ರೋಗಿಯೊಡನೆ ಮಾತ್ರ ಕನ್ನಡಕ್ಕೆ ಅನುಮತಿ. ಹುಡುಗಿಯರು ತಮ್ಮತಮ್ಮಲ್ಲಿ ಕನ್ನಡ ಆಡಿ ಸಿಕ್ಕಿಬಿದ್ದರೆ ಆ ದಿನವಿಡೀ ಲಿನನ್ ರೂಮಿನಲ್ಲಿ ಚಾದರ ಮಡಿಸಬೇಕು. ನಾನು ಸೇರಿದ ವಾರದಲ್ಲಿ ಗಮನಿಸಿದ್ದು ಒಂದೇ: ನಮ್ಮ ವಾರ್ಡುಗಳಲ್ಲಿ ಗದ್ದಲವೇ ಇರಲಿಲ್ಲ. ಹುಡುಗಿಯರು ಬಾಯಿ ಬಿಡುತ್ತಿರಲಿಲ್ಲ. ನೋಡಿ ಹೋಗುವವರು ಎಂಥ ಶಿಸ್ತು ಎಂದು ಹೊಗಳುತ್ತಿದ್ದರು. ನನಗೆ ಮಾತ್ರ ಅದು ಶಿಸ್ತಾಗಿ ಕಾಣಲಿಲ್ಲ. ಒಬ್ಬಳು ಕಂಡದ್ದನ್ನು ಇನ್ನೊಬ್ಬಳಿಗೆ ಹೇಳದ ವಾರ್ಡಿನಲ್ಲಿ ನಾನು ರೋಗಿಯಾಗಿ ಮಲಗಲಾರೆ.

ಆ ಹುಡುಗಿಯರು ಬಾಯಿ ಬಿಡಲೇಬೇಕಾದ ಹೊತ್ತು ದಿನಕ್ಕೊಂದಿತ್ತು. ಶಿಫ್ಟು ಬದಲಾಗುವಾಗ ಹೋಗುವ ನರ್ಸು ಬರುವ ನರ್ಸಿಗೆ ಪ್ರತಿಯೊಂದು ಮಂಚದ ಬಳಿ ನಿಂತು ರೋಗಿಯ ಸ್ಥಿತಿ ಹೇಳಿ ಒಪ್ಪಿಸುತ್ತಾಳೆ. ಇದಕ್ಕೆ ಹ್ಯಾಂಡಿಂಗ್ ಓವರ್ ಎಂದು ಹೆಸರು. ನಾವು ಬರೀ ‘ಓವರ್’ ಎನ್ನುತ್ತೇವೆ. ಓವರ್ ಇಂಗ್ಲಿಷಿನಲ್ಲೇ ಆಗಬೇಕು. ಅದಕ್ಕಾಗಿ ಆ ಶಾಲೆಯಲ್ಲಿ ಒಂದು ಮಂತ್ರ ತಯಾರಾಗಿತ್ತು. ಹಿರಿಯ ಬ್ಯಾಚಿನವರು ಕಿರಿಯರಿಗೆ ಕಲಿಸಿ ಹೋಗುವ ಮಂತ್ರ: ‘ಪೇಶೆಂಟ್ ಈಸ್ ಟೇಕಿಂಗ್ ಓರಲಿ ವೆಲ್, ಪಾಸಿಂಗ್ ಯೂರಿನ್ ವೆಲ್, ಸ್ಲೀಪಿಂಗ್ ವೆಲ್, ನೋ ಕಂಪ್ಲೇಂಟ್ಸ್.’ ಚೆನ್ನಾಗಿ ಉಣ್ಣುತ್ತಿದ್ದಾರೆ, ಮೂತ್ರ ಸಲೀಸಾಗಿದೆ, ಚೆನ್ನಾಗಿ ನಿದ್ರಿಸುತ್ತಿದ್ದಾರೆ, ತೊಂದರೆಯಿಲ್ಲ. ಯಾವ ಮಂಚದ ಮುಂದೆ ನಿಂತರೂ ಅದೇ, ಒಂದೇ ಉಸಿರಿಗೆ, ಗೋಡೆ ನೋಡಿಕೊಂಡು.

ಒಂದು ದಿನ ಪುರುಷರ ವಾರ್ಡಿನಲ್ಲಿ ಮಹಾದೇವಿ ಎಂಬ ಹುಡುಗಿ ಈ ಮಂತ್ರ ಹೇಳಿದಳು. ಚಿಂಚೋಳಿ ತಾಲ್ಲೂಕಿನ, ತೆಲಂಗಾಣದ ಗಡಿಗೆ ಅಂಟಿದ ಹಳ್ಳಿಯವಳು. ಮಂಚದ ಮೇಲಿದ್ದವರು ನಾಲವಾರದ ಒಬ್ಬ ಹಿರಿಯರು, ಹರ್ನಿಯಾ ಆಪರೇಷನ್ನಿಗೆ ಕಾಯುತ್ತಿದ್ದರು. ಆಪರೇಷನ್ನಿಗೆ ಮುಂಚೆ ಬಾಯಿಗೆ ಏನೂ ಕೊಡುವಂತಿಲ್ಲ. ಅವರು ಮಹಾದೇವಿಯ ಮುಖ ನೋಡಿ, ಪಕ್ಕದಲ್ಲಿದ್ದ ಶಬಾನಾಳನ್ನು ಕೇಳಿದರು.

“ಏನಂದ್ಳವಾ ಆಕಿ?”

ಶಬಾನಾ ಶಹಾಬಾದಿನವಳು, ಅಕ್ಕಪಕ್ಕ ನೋಡಿ ಮಾತಾಡುವ ಸ್ವಭಾವ ಅವಳದಲ್ಲ. “ನೀವು ಛಲೋ ಉಣ್ಲಿಕತ್ತೀರಿ ಅಂತ ಹೇಳ್ಯಾಳ್ರಿ ಕಾಕಾ.”

“ಎಲ್ಲಿ, ಯಾರ ಮನ್ಯಾಗ? ನಿನ್ನಿ ಸಂಜಿಂದ ನನಗ ಹನಿ ನೀರು ಕೊಟ್ಟಿಲ್ಲ.”

ವಾರ್ಡೆಲ್ಲ ನಕ್ಕಿತು. ಮಹಾದೇವಿಯ ಕಣ್ಣು ತುಂಬಿದವು. ಅಷ್ಟರಲ್ಲಿ ಪ್ರಿನ್ಸಿಪಾಲ್ ಮೇಡಂ ಬಾಗಿಲಲ್ಲಿ ನಿಂತಿದ್ದರು.

ಅಂದು ಮಧ್ಯಾಹ್ನವೇ ಅವರ ಆದೇಶ ಬಂತು. ಮುಂದಿನ ವಾರದ ಶನಿವಾರ ಹೆರಿಗೆ ವಾರ್ಡಿನಲ್ಲಿ ಅವರೇ ನಿಂತು ಎಲ್ಲರ ಓವರ್ ಕೇಳುತ್ತಾರೆ. ಸರಿಯಾಗಿ ಇಂಗ್ಲಿಷಿನಲ್ಲಿ ಕೊಡಲಾರದವರಿಗೆ ಸೋಮವಾರದಿಂದ ವಾರ್ಡ್ ಪೋಸ್ಟಿಂಗ್ ಇಲ್ಲ. ಲಿನನ್ ರೂಮು, ಲೈಬ್ರರಿ ಅಷ್ಟೇ. ಇದು ಸಣ್ಣ ಶಿಕ್ಷೆಯಲ್ಲ. ವಾರ್ಡಿನಲ್ಲಿ ಕಳೆಯಬೇಕಾದ ತಾಸುಗಳು ತುಂಬದಿದ್ದರೆ ಮೊದಲ ವರ್ಷದ ಪರೀಕ್ಷೆಗೆ ಕೂರಿಸುವುದಿಲ್ಲ.

ಸಂಜೆ ಮಹಾದೇವಿ ನನ್ನ ಬಳಿ ಬಂದಳು. “ನನ್ನ ಹೆಸರು ಈಗೇ ತೆಗೀರಿ ಮೇಡಂ. ಶನಿವಾರ ಮಂದಿ ಮುಂದ ನಿಂತು ತೆಗಿಸ್ಕೊಳ್ಳೋದು ಬ್ಯಾಡ.”

“ಮನಿಗಿ ಹೋಗಿ ಏನ್ ಮಾಡ್ತಿ?”

“ವರ್ಷ ಹೋಯ್ತಂದ್ರ ನಮ್ಮಪ್ಪ ಮತ್ತ ಕಳಸಲ್ರಿ. ಹತ್ತನೇ ಕ್ಲಾಸ ಮುಗಿದಾಗೇ ಸಾಕಂದಿದ್ದ. ನಮ್ಮವ್ವ ಜಗಳಾಡಿ ಇಲ್ಲಿಗಿ ಹಚ್ಯಾಳ.”

“ಆ ಕಾಕಾ ಉಪವಾಸ ಅದಾನಂತ ನಿನಗ ಗೊತ್ತಿತ್ತಾ?”

“ಗೊತ್ತಿತ್ರಿ. ನಾನೇ ಮುಂಜಾನಿ ನೀರಿನ ಗಿಲಾಸ ತೆಗೆದಿಟ್ಟೀನಿ.”

“ಮತ್ತ ಟೇಕಿಂಗ್ ಅಂತ ಯಾಕಂದಿ?”

 “ಅದು ಹಂಗೇ ಅದರಿ. ಅದನ್ನ ಬಿಟ್ಟು ಬ್ಯಾರೆ ಅಂದ್ರ ತಪ್ಪಾಗ್ತದ ಅಂತ ಅಂಜಿಕಿ.”

ರೋಗ ಎಲ್ಲಿದೆ ಎಂದು ನನಗೆ ತಿಳಿಯಿತು. ಈ ಹುಡುಗಿಗೆ ರೋಗಿ ಗೊತ್ತು, ಕೆಲಸ ಗೊತ್ತು. ಇಂಗ್ಲಿಷ್ ವಾಕ್ಯವನ್ನು ಮಾತ್ರ ಅವಳು ರೋಗಿಯಿಂದ ಬೇರೆ ಮಾಡಿ ಇಟ್ಟುಕೊಂಡಿದ್ದಳು. ಹಾಗೆ ಇಟ್ಟುಕೊಳ್ಳುವುದನ್ನು ನಾವೇ ಕಲಿಸಿದ್ದೆವು.

ಮರುದಿನದಿಂದ ಬೆಳಗಿನ ಶಿಫ್ಟು ಮುಗಿದ ಮೇಲೆ ಡೆಮಾನ್‌ಸ್ಟ್ರೇಷನ್ ರೂಮಿನಲ್ಲಿ ಪಾಠ ಇಟ್ಟೆ. ಅಲ್ಲೊಂದು ಖಾಲಿ ಮಂಚ, ಅದರ ಮೇಲೆ ರೋಗಿಯ ಬದಲಿಗೆ ಉದ್ದ ದಿಂಬು, ಕಾಲ್ದೆಸೆಗೆ ನೇತುಹಾಕಿದ ಕೇಸ್ ಶೀಟ್. ನಾನು ಇಂಗ್ಲಿಷ್ ಎಂ.ಎ. ಮಾಡಿದವಳಲ್ಲ. ನನ್ನ ಇಂಗ್ಲಿಷ್ ವಾರ್ಡಿನಲ್ಲಿ ಕಲಿತದ್ದು, ಅಷ್ಟನ್ನೇ ಕಲಿಸಬಲ್ಲೆ.

“ದಿಂಬಿನ ಹೆಸರು ಬಸಪ್ಪ,” ಎಂದೆ. “ಬಸಪ್ಪ ಬೀಡಿ ಸೇದ್ತಾನ. ಬಸಪ್ಪ ಬೀಡಿ ಸೇದ್ಲಿಕತ್ತಾನ. ಎರಡೂ ಒಂದೇ ಏನ್ರೇ?”

“ಹ್ಯಾಂಗ ಒಂದೇ ಆಗ್ತದ್ರಿ?” ಶಬಾನಾ ಎದ್ದು ನಿಂತಳು. “ಸೇದ್ತಾನ ಅಂದ್ರ ಬರ್ಕೊಂಡು ಸುಮ್ಮ ಇರಬೌದು. ಸೇದ್ಲಿಕತ್ತಾನ ಅಂದ್ರ ಮದ್ಲ ಬೀಡಿ ಕಸಗೋಬೇಕ್ರಿ, ಆಕ್ಸಿಜನ್ ಸಿಲಿಂಡರ್ ಬಾಜೂಕೇ ಅದ.”

ಇದಕ್ಕಿಂತ ಚೆನ್ನಾಗಿ ನಾನು ಹೇಳಲಾರೆ. ಸೇದ್ತಾನ ಎಂಬುದು ರೂಢಿ. ಇಂದು, ನಿನ್ನೆ, ನಾಳೆ ಎಲ್ಲಕ್ಕೂ ಸಲ್ಲುತ್ತದೆ. ಇಂಗ್ಲಿಷಿನಲ್ಲಿ ಅದು ಪ್ರೆಸೆಂಟ್ ಸಿಂಪಲ್: ಹಿ ಸ್ಮೋಕ್ಸ್. ಸೇದ್ಲಿಕತ್ತಾನ ಎಂಬುದು ಈಗ, ಕಣ್ಣೆದುರು ನಡೆದಿರುವುದು. ಅದು ಪ್ರೆಸೆಂಟ್ ಕಂಟಿನ್ಯುಯಸ್: ಹಿ ಈಸ್ ಸ್ಮೋಕಿಂಗ್. ನಮ್ಮ ಕಡೆಯ ಮಗು ಕೂಡ ‘ಉಣ್ತೀನಿ’ ಮತ್ತು ‘ಉಣ್ಲಿಕತ್ತೀನಿ’ ಎರಡನ್ನು ಬೆರೆಸುವುದಿಲ್ಲ. ಬೆರೆಸದ ವಿವೇಕ ಹುಡುಗಿಯರ ನಾಲಿಗೆಯಲ್ಲಿ ಮೊದಲೇ ಇತ್ತು. ನಾವು ಅದನ್ನು ವಾರ್ಡಿನ ಬಾಗಿಲಲ್ಲಿ ಚಪ್ಪಲಿಯ ಜೊತೆ ಬಿಡಿಸಿ ಒಳಗೆ ಕರೆದಿದ್ದೆವು.

ಆದರೆ ಗೊತ್ತಿರುವುದು ಬೇರೆ, ಹೆದರಿದಾಗ ನೆನಪಾಗುವುದು ಬೇರೆ. ಹೆದರಿದಾಗ ನೆನಪಾಗಬೇಕೆಂದರೆ ಅದು ಕೈಕಾಲಿಗೆ ಇಳಿಯಬೇಕು. ಅದಕ್ಕೆ ಒಂದು ಕಟ್ಟಳೆ ಮಾಡಿದೆ. ಓವರ್ ಕೊಡುವವಳು ಮೊದಲು ಮಂಚದ ಕಾಲ್ದೆಸೆಗೆ ನಿಲ್ಲಬೇಕು. ಕೇಸ್ ಶೀಟ್ ಅಲ್ಲಿರುತ್ತದೆ. ರೋಗಿಯ ಊರು, ಕಸುಬು, ದಿನವೂ ತೆಗೆದುಕೊಳ್ಳುವ ಗುಳಿಗೆ, ಚಟ, ಮೊದಲಿನಿಂದ ಇರುವ ಕಾಯಿಲೆ, ಎಲ್ಲವನ್ನೂ ಅಲ್ಲಿ ನಿಂತು ಪ್ರೆಸೆಂಟ್ ಸಿಂಪಲ್‌ನಲ್ಲಿ ಹೇಳಬೇಕು. ಆಮೇಲೆ ನಡೆದು ತಲೆದೆಸೆಗೆ ಹೋಗಬೇಕು. ರೋಗಿಯ ಮೈ ಮುಟ್ಟಬೇಕು. ಮುಟ್ಟಿ, ನೋಡಿ, ಕೇಳಿ, ಆಗಷ್ಟೇ ‘ಈಸ್’ ಮತ್ತು ‘ಇಂಗ್’. ಮುಟ್ಟದೆ ಇಂಗ್ ಹೇಳಿದವಳು ನನ್ನ ಲೆಕ್ಕದಲ್ಲಿ ಸುಳ್ಳು ಹೇಳಿದವಳು.

“ಹ್ಯಾಸ್ ಫೀವರ್ ಅನ್ನೋದು ಎಲ್ಲಿ ನಿಂತು ಹೇಳಬೇಕ್ರಿ?” ಒಬ್ಬಳು ಕೇಳಿದಳು. “ಈಸ್ ಹ್ಯಾವಿಂಗ್ ಫೀವರ್ ಅಂತೀವಲ್ರಿ?”

ಅದು ನಮ್ಮ ದೇಶದ ಆಸ್ಪತ್ರೆಗಳಲ್ಲೆಲ್ಲ ಓಡಾಡುವ ಮಾತು. ಜ್ವರ ಇದೆ, ನೋವಿದೆ, ನೀರು ಬೇಕು, ಗೊತ್ತು. ಇವು ನಡೆಯುವ ಕೆಲಸಗಳಲ್ಲ, ಇರುವ ಸ್ಥಿತಿಗಳು. ಹ್ಯಾಸ್, ವಾಂಟ್ಸ್, ನೋಸ್ ಎಂದರೆ ಸಾಕು, ಇಂಗ್ ಬೇಡ. “ತಲೆದೆಸೆಗೆ ನಿಂತೇ ಹೇಳ್ರಿ, ಹಣಿ ಮುಟ್ಟೇ ಹೇಳ್ರಿ, ಆದ್ರ ಬಾಲ ಹಚ್ಚಬ್ಯಾಡ್ರಿ,” ಎಂದೆ.

ಇನ್ನೊಂದು ತೊಡಕನ್ನು ಬಾಣಂತಿಯರು ಬಿಡಿಸಿದರು. ನಮ್ಮಲ್ಲಿ ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಬರುತ್ತಾಳೆ. ವಾಡಿಗೆ ಕೊಟ್ಟ ಹೆಣ್ಣು ಮಳಖೇಡದ ತವರಿನಲ್ಲಿದ್ದರೆ ಏನೆನ್ನಬೇಕು? ಶಿ ಲಿವ್ಸ್ ಇನ್ ವಾಡಿ. ಶಿ ಈಸ್ ಸ್ಟೇಯಿಂಗ್ ಇನ್ ಮಳಖೇಡ. ಮನೆ ವಾಡಿಯಲ್ಲೇ, ಅದು ಬದಲಾಗಿಲ್ಲ. ಮಳಖೇಡ ಸದ್ಯಕ್ಕೆ, ಮೂರೋ ಐದೋ ತಿಂಗಳು. ಈ ಕ್ಷಣದಲ್ಲೇ ನಡೆಯದಿದ್ದರೂ ಸದ್ಯಕ್ಕೆ ಮಾತ್ರ ಇರುವುದಕ್ಕೂ ಇಂಗ್ ಸಲ್ಲುತ್ತದೆ; ಅಂಥದ್ದನ್ನು ಮಾತ್ರ ಕಾಲ್ದೆಸೆಯಲ್ಲಿ ನಿಂತೇ ಹೇಳಬಹುದು. ಇದನ್ನು ಯಾರೂ ಎರಡನೆಯ ಸಲ ಕೇಳಲಿಲ್ಲ. ತವರಿನಲ್ಲಿರುವುದಕ್ಕೂ ಗಂಡನ ಮನೆಯಲ್ಲಿರುವುದಕ್ಕೂ ಇರುವ ಅಂತರವನ್ನು ನಮ್ಮ ಹೆಣ್ಣುಮಕ್ಕಳಿಗೆ ವಿವರಿಸುವ ಅಗತ್ಯವಿಲ್ಲ.

ನಾನು ಮತ್ತು ಶಬಾನಾ ಒಂದೇ ಪ್ಯಾಸೆಂಜರ್ ಗಾಡಿಯಲ್ಲಿ ಓಡಾಡುತ್ತಿದ್ದೆವು. ಸಂಜೆ ಸ್ಟೇಷನ್ನಿನಲ್ಲಿ ಅವಳು ಚಹಾದ ಕಪ್ಪು ಹಿಡಿದು ಪಾಠ ಒಪ್ಪಿಸುತ್ತಿದ್ದಳು. “ಟ್ರೈನ್ ಲೀವ್ಸ್ ಅಂದ್ರ ಚಹಾ ಕುಡೀಬೌದು. ಟ್ರೈನ್ ಈಸ್ ಲೀವಿಂಗ್ ಅಂದ್ರ ಕಪ್ ಒಗದು ಓಡಬೇಕು. ಹೌದಲ್ರಿ ಮೇಡಂ?” ಹೌದೆಂದೆ. ಒಂದು ಸಂಜೆ ನಿಜಕ್ಕೂ ಓಡಿದೆವು. ನನ್ನ ವಯಸ್ಸಿಗೆ ಅದು ಚೆನ್ನಲ್ಲ, ಆದರೂ ಹತ್ತಿದೆ.

ಗುರುವಾರ ಪ್ರಿನ್ಸಿಪಾಲ್ ಮೇಡಂ ಡೆಮಾನ್‌ಸ್ಟ್ರೇಷನ್ ರೂಮಿಗೆ ಬಂದರು. ಆಗ ಮಹಾದೇವಿ ದಿಂಬಿನ ಮೇಲೆ ಕೈಯಿಟ್ಟು “ಉಸಿರಾಡ್ಲಿಕತ್ತಾನ, ಹಿ ಈಸ್ ಬ್ರೀದಿಂಗ್” ಎನ್ನುತ್ತಿದ್ದಳು. ಮೇಡಂ ಹುಡುಗಿಯರನ್ನು ಹೊರಗೆ ಕಳಿಸಿದರು.

“ಸಿಸ್ಟರ್ ಶಾಂತಾಬಾಯಿ, ಇಂಗ್ಲಿಷ್ ಕಲಿಸೋದಕ್ಕೆ ಇದೇನು ಕನ್ನಡ? ಲಿಕತ್ತೀನಿ, ಲಿಕತ್ತಾನೆ. ಪುಸ್ತಕದ ಕನ್ನಡವಾದರೂ ಆಗಿದ್ದರೆ ಒಂದು ಮಾತು.”

“ಇದು ಈ ಹುಡುಗಿಯರ ಕನ್ನಡ ಮೇಡಂ. ನನ್ನದೂ ಇದೇ.”

“ಇವರೆಲ್ಲ ನಾಳೆ ಹೈದರಾಬಾದಿನ ದೊಡ್ಡ ಆಸ್ಪತ್ರೆಗಳಿಗೆ ಕೆಲಸಕ್ಕೆ ಹೋಗಬೇಕು. ಅಲ್ಲಿ ಇಂಗ್ಲಿಷ್ ಬರದಿದ್ದರೆ ಬಾಗಿಲಲ್ಲೇ ವಾಪಸ್. ನಾನು ಯಾರ ಒಳ್ಳೆಯದಕ್ಕೆ ಕಟ್ಟುನಿಟ್ಟು ಮಾಡ್ತಿದ್ದೀನಿ ಅಂದುಕೊಂಡಿದ್ದೀರಿ?”

“ಅವರ ಒಳ್ಳೆಯದಕ್ಕೇ ಮಾಡುತ್ತಿದ್ದೀರಿ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಇಂಗ್ಲಿಷ್ ಬಾರದ ನರ್ಸಿಗೆ ಇಂಗ್ಲಿಷ್ ಕಲಿಸಬಹುದು. ಬಾಯಿ ಮುಚ್ಚುವುದನ್ನು ಕಲಿತ ನರ್ಸಿಗೆ ಏನು ಮಾಡುತ್ತೀರಿ?”

ಅವರ ಮುಖ ಬಿಗಿಯಿತು. “ಸರಿ. ಶನಿವಾರ ನೋಡೋಣ. ಇವರು ತಪ್ಪಿದರೆ ಸೋಮವಾರ ಎಲ್ಲರೂ ಲಿನನ್ ರೂಮಿಗೆ. ನೀವೂ ಬರೋದು ಬೇಡ.”

“ಆಗಲಿ,” ಎಂದೆ. “ಅಲ್ಲಿಯವರೆಗೆ ಪಾಠ ಹೀಗೇ ನಡೆಯುತ್ತದೆ.”

ಬಾಗಿಲು ಮುಚ್ಚದೆ, ಹೊರಗಿನವರಿಗೂ ಕೇಳುವಷ್ಟು ಗಟ್ಟಿಯಾಗಿ, ಆ ಎರಡು ದಿನವೂ ಪಾಠ ಹೀಗೇ ನಡೆಯಿತು.

ಶನಿವಾರ ಮಧ್ಯಾಹ್ನ, ಶಿಫ್ಟು ಬದಲಾಗುವ ಹೊತ್ತಿಗೆ ಪ್ರಿನ್ಸಿಪಾಲ್ ಮೇಡಂ ಹೆರಿಗೆ ವಾರ್ಡಿನ ನಡುವೆ ಬಂದು ನಿಂತರು. ಹುಡುಗಿಯರು ಗೋಡೆಗೆ ಸಾಲಾಗಿ ನಿಂತಿದ್ದರು. ಮೊದಲ ಮಂಚಕ್ಕೆ ಶಬಾನಾ. ಕಾಲ್ದೆಸೆಯಲ್ಲಿ ನಿಂತು ಹೇಳುವುದನ್ನು ಹೇಳಿ, ತಲೆದೆಸೆಗೆ ನಡೆದು, ಬಾಣಂತಿಯ ನಾಡಿ ಹಿಡಿದು, “ಶಿ ಈಸ್ ಫೀಡಿಂಗ್ ದ ಬೇಬಿ” ಎಂದಳು. ಮಗು ನಿಜಕ್ಕೂ ಹಾಲು ಕುಡಿಯುತ್ತಿತ್ತು. ಮೇಡಂ ತಲೆಯಾಡಿಸಿದರು, ಆದರೆ ಗಡಿಯಾರ ನೋಡಿಕೊಂಡರು. ಹೀಗೆ ನಡೆದು ನಡೆದು ಹೇಳಿದರೆ ಸಮಯ ಹಿಡಿಯುತ್ತದೆ.

ಎರಡನೆಯ ಮಂಚಕ್ಕೆ ಮಹಾದೇವಿ. ಮಲಗಿದ್ದವಳು ಈರಮ್ಮ, ಬೆಳಿಗ್ಗೆ ಹೆತ್ತವಳು, ಚೊಚ್ಚಲು. ಅವಳ ತಾಯಿ ಸಿದ್ದಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದರು. ಬಾಣಂತಿಗೆ ಗಾಳಿ ತಾಕಬಾರದೆಂದು ತಲೆಗೆ ಬಟ್ಟೆ ಬಿಗಿದು, ಮೇಲೆ ಎರಡು ಕೌದಿ ಹೊದಿಸಿ, ಅಂಚುಗಳನ್ನು ಹಾಸಿಗೆಯಡಿ ಸಿಕ್ಕಿಸಿದ್ದರು. ಮನೆಯಲ್ಲಿ ಮಾಡುವುದನ್ನೇ ಇಲ್ಲಿಯೂ ಮಾಡಿದ್ದರು. ಮೂಗು, ಕಣ್ಣು ಬಿಟ್ಟರೆ ಈರಮ್ಮ ಕಾಣುತ್ತಲೇ ಇರಲಿಲ್ಲ. ಕಣ್ಣು ಮುಚ್ಚಿದ್ದವು.

ಮಹಾದೇವಿ ಕಾಲ್ದೆಸೆಗೆ ನಿಂತಳು. ವಾಕ್ಯಗಳು ನೆಟ್ಟಗಿದ್ದವು. “ಈರಮ್ಮ ಲಿವ್ಸ್ ಇನ್ ವಾಡಿ. ಶಿ ಈಸ್ ಸ್ಟೇಯಿಂಗ್ ಇನ್ ಮಳಖೇಡ ವಿತ್ ಹರ್ ಮದರ್. ಶಿ ಟೇಕ್ಸ್ ಐರನ್ ಟ್ಯಾಬ್ಲೆಟ್ ಡೈಲಿ.” ಅಲ್ಲಿಗೆ ನಿಲ್ಲಿಸಿ ತಲೆದೆಸೆಗೆ ಹೊರಟಳು.

“ಅಲ್ಲಿಂದಲೇ ಹೇಳಮ್ಮ,” ಎಂದರು ಪ್ರಿನ್ಸಿಪಾಲ್ ಮೇಡಂ. “ಸ್ಲೀಪಿಂಗ್ ವೆಲ್, ಕಾಣ್ತಿದೆಯಲ್ಲ. ಮುಂದೆ ಹೋಗು, ಇನ್ನೂ ಬಹಳ ಜನ ಇದ್ದಾರೆ.”

ಆ ಕ್ಷಣವನ್ನು ನಾನು ಮರೆಯುವುದಿಲ್ಲ. ಸ್ಲೀಪಿಂಗ್ ವೆಲ್ ಎಂಬ ಎರಡು ಪದ ಆ ಹುಡುಗಿಗೆ ಹೊಸತಲ್ಲ, ವರ್ಷವಿಡೀ ಹೇಳಿದ್ದೇ. ಅಂದು ಹೇಳಿದ್ದರೆ ಅವಳು ಪಾಸು. ಪರೀಕ್ಷೆ ತೆಗೆದುಕೊಳ್ಳುವವರೇ ಉತ್ತರ ಬಾಯಿಗೆ ಇಟ್ಟಿದ್ದರು. ಮಹಾದೇವಿ ಒಮ್ಮೆ ನನ್ನತ್ತ ನೋಡಿದಳು. ನಾನು ಏನೂ ಸನ್ನೆ ಮಾಡಲಿಲ್ಲ, ಮಾಡುವಂತಿರಲಿಲ್ಲ.

“ಮುಟ್ಟಿಲ್ರಿ ಮೇಡಂ,” ಎಂದಳು ಪ್ರಿನ್ಸಿಪಾಲರಿಗೆ. ಕನ್ನಡದಲ್ಲೇ ಹೇಳಿ ತಲೆದೆಸೆಗೆ ನಡೆದಳು.

ಸಿದ್ದಮ್ಮ ಕೈ ಅಡ್ಡ ತಂದರು. “ಈಗರೆ ಕಣ್ಣ ಹತ್ಯಾವ, ಎಬ್ಬಿಸಬ್ಯಾಡ ತಾಯಿ. ಕೌದಿ ತೆಗಿಬ್ಯಾಡ, ಗಾಳಿ ಬಡಿತದ.”

“ಎಬ್ಬಿಸಲ್ಲವಾ, ನಾಡಿ ಅಷ್ಟು ನೋಡ್ತೀನಿ,” ಎಂದು ಮಹಾದೇವಿ ಕೌದಿಯೊಳಗೆ ಕೈ ಹಾಕಿ ಈರಮ್ಮನ ಮಣಿಕಟ್ಟು ಹಿಡಿದಳು. ಹಿಡಿದವಳು ಬಿಡಲಿಲ್ಲ. ಇನ್ನೊಂದು ಕೈ ಹೊಟ್ಟೆಯ ಮೇಲೆ ಹೋಯಿತು. ಹೆರಿಗೆಯಾದ ಮೇಲೆ ಗರ್ಭಕೋಶ ಗಟ್ಟಿಯಾಗಿ, ಚೆಂಡಿನಂತೆ ಕೈಗೆ ಸಿಗಬೇಕು. ಮೆತ್ತಗಿದ್ದರೆ ಒಳಗಿನ ರಕ್ತನಾಳಗಳು ಮುಚ್ಚಿಲ್ಲ ಎಂದರ್ಥ. ಮರುಗಳಿಗೆಯಲ್ಲಿ ಅವಳು ಎರಡೂ ಕೌದಿ ಎಳೆದು ತೆಗೆದಳು.

“ರಕ್ತ ಹೋಗ್ಲಿಕತ್ತದ್ರಿ ಮೇಡಂ. ಹೊಟ್ಟಿ ಮೆತ್ತಗದ. ಭಾಳ ಹೋಗ್ಲಿಕತ್ತದ.”

ವಾರ್ಡಿನ ಕೊನೆಯವರೆಗೂ ಕೇಳುವ ದನಿ. ಆ ಹುಡುಗಿಗೆ ಅಷ್ಟು ದನಿ ಇದೆಯೆಂದು ನನಗೂ ಗೊತ್ತಿರಲಿಲ್ಲ. ಈರಮ್ಮನ ಕೆಳಗಿನ ಹಾಸು ನೆನೆದು, ರಕ್ತ ಹಾಸಿಗೆಯ ಅಂಚಿಗೆ ಬಂದಿತ್ತು. ಕೌದಿ ಅಷ್ಟನ್ನೂ ಮುಚ್ಚಿತ್ತು. ನಿದ್ದೆಯೆಂದು ನಾವೆಲ್ಲ ಅಂದುಕೊಂಡಿದ್ದು ನಿದ್ದೆಯಲ್ಲ.

ಇದಕ್ಕೆ ಪಿ.ಪಿ.ಎಚ್. ಎನ್ನುತ್ತಾರೆ, ಹೆರಿಗೆಯ ನಂತರದ ರಕ್ತಸ್ರಾವ. ತಾಯಂದಿರನ್ನು ಸದ್ದಿಲ್ಲದೆ ಒಯ್ಯುವುದರಲ್ಲಿ ಇದರಷ್ಟು ನುರಿತದ್ದು ಬೇರೊಂದಿಲ್ಲ. ಮುಂದಿನದನ್ನು ನನ್ನ ಕೈಗಳು ಬಲ್ಲವು.

“ಮಹಾದೇವಿ, ಹೊಕ್ಕಳ ಕೆಳಗ ಉಜ್ಜು. ಜೋರಿಲೆ. ನಾ ಹೇಳೋತನ ಕೈ ತೆಗಿಬ್ಯಾಡ. ಶಬಾನಾ, ಡಾಕ್ಟರಿಗಿ ಫೋನ್ ಹಚ್ಚು, ಪಿ.ಪಿ.ಎಚ್. ಅನ್ನು.”

ಡ್ಯೂಟಿಯ ಸ್ಟಾಫ್ ನರ್ಸು ಆಕ್ಸಿಟೋಸಿನ್ ಇಂಜೆಕ್ಷನ್ ತಂದಳು; ಗರ್ಭಕೋಶವನ್ನು ಬಿಗಿಯಿಸುವ ಔಷಧಿ ಅದು. ಮೂತ್ರಕೋಶ ತುಂಬಿದ್ದರೆ ಗರ್ಭಕೋಶ ಬಿಗಿಯುವುದಿಲ್ಲ, ಹಾಗಾಗಿ ನಾನು ಮೂತ್ರದ ನಳಿಕೆ ಹಾಕಿದೆ. ತಲೆಯೆತ್ತಿ ನೋಡಿದರೆ ಪ್ರಿನ್ಸಿಪಾಲ್ ಮೇಡಂ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಈರಮ್ಮನ ಇನ್ನೊಂದು ತೋಳಿಗೆ ಸಲೈನ್ ಸೂಜಿ ಹಾಕುತ್ತಿದ್ದರು. ಸಿಗದ ನರವನ್ನು ಒಂದೇ ಸಲಕ್ಕೆ ಹಿಡಿದರು. “ಈರಮ್ಮಾ, ಕಣ್ಣು ಬಿಡಮ್ಮ, ಇಲ್ಲಿ ನೋಡು,” ಎಂದು ಅವಳ ಕೆನ್ನೆ ತಟ್ಟುತ್ತಿದ್ದರು. 

ಡಾಕ್ಟರು ಓಡಿ ಬಂದರು. ಅವರು ತಾಂಡೂರಿನವರು, ತೆಲುಗು ಮನೆಮಾತು. ನಮ್ಮ ಕನ್ನಡ ಅವರಿಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಇಲ್ಲ. ಬಂದವರೇ ಇಂಗ್ಲಿಷಿನಲ್ಲಿ ಏನಾಗಿದೆ ಎಂದು ಕೇಳಿದರು. ನಾನು ಉತ್ತರಿಸಬೇಕು ಎನ್ನುವಷ್ಟರಲ್ಲಿ, ಹೊಟ್ಟೆಯ ಮೇಲಿನ ಕೈ ತೆಗೆಯದೆ ಮಹಾದೇವಿ ಹೇಳಿದಳು.

“ಶಿ ಈಸ್ ಬ್ಲೀಡಿಂಗ್, ಸರ್. ಯುಟೆರಸ್ ವಾಸ್ ಸಾಫ್ಟ್. ನೌ ಇಟ್ ಈಸ್ ಬಿಕಮಿಂಗ್ ಹಾರ್ಡ್.”

ಡಾಕ್ಟರು ಅವಳ ಕೈಯ ಪಕ್ಕ ತಮ್ಮ ಕೈಯಿಟ್ಟು ನೋಡಿದರು. “ಗುಡ್. ಕೀಪ್ ರಬ್ಬಿಂಗ್.” ಪರೀಕ್ಷೆ ಮಾಡಿ ಮತ್ತೊಂದು ಔಷಧಿ ಬರೆದರು. ಸ್ವಲ್ಪ ಹೊತ್ತಿನ ಮೇಲೆ ತಿರುಗಿ ಕೇಳಿದರು: “ಬ್ಲೀಡಿಂಗ್?”

ಅವಳು ಬಗ್ಗಿ ನೋಡಿದಳು. ನೋಡಿದ ಮೇಲೆಯೇ ಹೇಳಿದಳು. “ಇಟ್ ಈಸ್ ಸ್ಟಾಪಿಂಗ್, ಸರ್.”

ಸಂಜೆಯ ಹೊತ್ತಿಗೆ ಈರಮ್ಮ ಕಣ್ಣು ಬಿಟ್ಟು ಮಗು ಎಲ್ಲಿ ಎಂದು ಕೇಳಿದಳು. ರಕ್ತ ಕೊಡಿಸಬೇಕಾಯಿತು, ಆದರೆ ಕಲಬುರಗಿಗೆ ಒಯ್ಯುವ ಪ್ರಸಂಗ ಬರಲಿಲ್ಲ. ಸಿದ್ದಮ್ಮ ನನ್ನ ಕೈ ಹಿಡಿದುಕೊಂಡರು. “ಗಾಳಿ ಬಡಿತದಂತ ಬೈದೆ ನಾ ಆ ಪೋರಿಗಿ. ಆಕಿ ಕೇಳಲಿಲ್ಲ ನೋಡ್ರಿ. ಕೇಳಿದ್ರ ಏನಾಗ್ತಿತ್ತು?”

 ಬಾಣಂತಿಯನ್ನು ಬೆಚ್ಚಗಿಡಿ, ಆದರೆ ತಾಸಿಗೊಮ್ಮೆ ಕೌದಿ ಎತ್ತಿ ನೋಡಲು ನಮ್ಮವರಿಗೆ ಬಿಡಿ ಎಂದಷ್ಟೇ ಹೇಳಿದೆ.

ಪ್ರಿನ್ಸಿಪಾಲ್ ಮೇಡಂ ತಮ್ಮ ಕೋಣೆಗೆ ಕರೆದರು. ಅವರ ಸೆರಗಿನ ಅಂಚಿಗೆ ಇನ್ನೂ ರಕ್ತದ ಕಲೆ ಇತ್ತು. 

“ಹುಡುಗಿ ಚೆನ್ನಾಗಿ ಮಾಡಿದಳು,” ಎಂದರು. “ಡಾಕ್ಟರಿಗೆ ಹೇಳಿದ್ದೂ ಸರಿಯಿತ್ತು. ಆದರೆ ಮೊದಲು ಕೂಗಿದ್ದು ಕನ್ನಡದಲ್ಲಿ, ಸಿಸ್ಟರ್. ವಾರ್ಡಿನ ನಿಯಮ ನಿಯಮವೇ.”

“ಮೊದಲು ಕನ್ನಡದಲ್ಲಿ ಕೂಗಿದ್ದಕ್ಕೇ ರೋಗಿ ಉಳಿದಳು, ಆಮೇಲೆ ಇಂಗ್ಲಿಷಿನಲ್ಲಿ ಹೇಳಲು ಆಯಿತು ಮೇಡಂ. ಆ ನಿಯಮ ಪಾಲಿಸಿದ್ದರೆ ಮಹಾದೇವಿ ವಾಕ್ಯ ಕಟ್ಟುತ್ತಾ ನಿಂತಿರುತ್ತಿದ್ದಳು.” ನಾನು ಎದ್ದು ನಿಂತೆ. “ಸೋಮವಾರ ನನ್ನ ಹುಡುಗಿಯರೆಲ್ಲ ವಾರ್ಡಿಗೆ ಬರುತ್ತಾರೆ. ಯಾರನ್ನೂ ನಾನು ಲಿನನ್ ರೂಮಿಗೆ ಕಳಿಸುವುದಿಲ್ಲ. ಕಳಿಸಬೇಕೆಂದಿದ್ದರೆ ಮೊದಲು ನನ್ನನ್ನು ಕಳಿಸಿ.”

 ಸೋಮವಾರ ಹುಡುಗಿಯರೆಲ್ಲ ವಾರ್ಡಿನಲ್ಲಿದ್ದರು. ಮಹಾದೇವಿಯ ತಾಸುಗಳು ತುಂಬಿದವು, ಪರೀಕ್ಷೆಗೆ ಕೂತಳು, ಪಾಸಾದಳು. ಬೋರ್ಡು ಮಾತ್ರ ಬಾಗಿಲ ಮೇಲೆಯೇ ಇತ್ತು. ನಾನು ಇರುವವರೆಗೆ ಪ್ರತಿದಿನ ಅದರ ಕೆಳಗೆ ನಿಂತೇ ಹುಡುಗಿಯರಿಗೆ ಕನ್ನಡದಲ್ಲಿ ಕೆಲಸ ಹಂಚಿದೆ.

ಮರುವರ್ಷ ಆ ಶಾಲೆಯವರು ನನ್ನನ್ನು ಕರೆಯಲಿಲ್ಲ. ಕಾರಣ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹೊಸ ಬ್ಯಾಚಿನವರೂ ಓವರ್ ಕೊಡುವಾಗ ಕಾಲ್ದೆಸೆಯಿಂದ ತಲೆದೆಸೆಗೆ ನಡೆಯುತ್ತಾರೆ, ನಡೆಯದವರನ್ನು ಪ್ರಿನ್ಸಿಪಾಲ್ ಮೇಡಮ್ಮೇ ಗದರಿಸುತ್ತಾರೆ ಎಂದು ಶಬಾನಾ ಗಾಡಿಯಲ್ಲಿ ಸಿಕ್ಕಾಗ ಹೇಳಿದಳು. ಕೆಲಸ ಉಳಿದರೆ ಸಾಕು, ಹೆಸರು ಯಾರದಾದರೂ ಇರಲಿ.

ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು. ಏನಾಗುತ್ತದೆ ಎಂದು ಪುಸ್ತಕ ಓದಿದ ಯಾರು ಬೇಕಾದರೂ ಹೇಳಬಹುದು. ಏನಾಗುತ್ತಿದೆ ಎಂದು ಹೇಳುವ ಅಧಿಕಾರ ಹತ್ತಿರ ಹೋಗಿ ಮುಟ್ಟಿದವರಿಗೆ ಮಾತ್ರ ಇದೆ, ಮತ್ತು ಅದನ್ನು ಅವರು ಬಾಯಿಗೆ ಬಂದ ಭಾಷೆಯಲ್ಲಿ, ತಡಮಾಡದೆ ಹೇಳಬೇಕು. ಅವರ ಬಾಯಿ ಮುಚ್ಚಿಸುವ ಬೋರ್ಡು ಯಾವ ಭಾಷೆಯಲ್ಲಿದ್ದರೂ ನಾನು ಒಪ್ಪುವುದಿಲ್ಲ.

ಈಗ ಚಿತ್ತಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಹಳೆಯ ಕಬ್ಬಿಣದ ಮಂಚ ಹಾಕಿಸಿದ್ದೇನೆ. ಅದರ ಮೇಲೆ ಉದ್ದ ದಿಂಬು, ಕಾಲ್ದೆಸೆಗೆ ಕೇಸ್ ಶೀಟ್. ಭಾನುವಾರ ಬೆಳಿಗ್ಗೆ ವಾಡಿ, ಶಹಾಬಾದ, ಸೇಡಂ ಕಡೆಯ ಹುಡುಗಿಯರು ಗಾಡಿ ಇಳಿದು ಬರುತ್ತಾರೆ. ಬಾಗಿಲಿಗೆ ಬೋರ್ಡಿಲ್ಲ. ಹೊಸಬಳು ಹೊಸಿಲ ಬಳಿ ನಿಂತು ಒಳಗೆ ಬರಲು ಹಿಂಜರಿದರೆ, ದಿಂಬಿನ ಬಸಪ್ಪನನ್ನು ತೋರಿಸಿ ಹೇಳುತ್ತೇನೆ: “ಅಲ್ಲೇ ನಿಂತು ಏನ್ ನೋಡ್ಲಿಕತ್ತಿ? ಬಾ, ಮುಟ್ಟು, ಆಮ್ಯಾಲ ಹೇಳು.”